ಇಂಗ್ಲಿಷು ಬರೆವಣಿಗೆ: ಕೆಲವು ಅಭ್ಯಾಸಗಳು

ಈ ಸಲ ಮೊದಲನೆಯ ವರ್ಷದ ಬಿ.ಎ. ತರಗತಿಯವರಿಗೆ ಇಂಗ್ಲಿಷಿನಲ್ಲಿ ಎರಡು ಪುಟಗಳ ಒಂದು ಪ್ರಬಂಧವನ್ನು ಬರೆದು ತರುವಂತೆ ಹೇಳಿದ್ದೆ. ವಿಷಯ ದೂರದ್ದೇನಲ್ಲ, ತಾಳಗುಂದದ ಕಂಬಶಾಸನ. ಸೊರಬ ಶಿಕಾರಿಪುರಗಳ ಕಡೆಯ ಮಕ್ಕಳು ಶಿರಾಳಕೊಪ್ಪದಲ್ಲಿ ಬಸ್ಸಿಳಿದರೆ ಹೋಗಿ ನೋಡಿ ಬರಬಹುದಾದದ್ದು. ಬರೆದು ಕೊಟ್ಟ ಹಾಳೆಗಳ ಕಟ್ಟನ್ನು ಮನೆಗೆ ತಂದು ತಿದ್ದಲು ಕುಳಿತೆ. ಮೊದಲನೆಯ ಪ್ರಬಂಧ ಚೆನ್ನಾಗಿತ್ತು. ಎರಡನೆಯದೂ ಚೆನ್ನಾಗಿತ್ತು, ಏಕೆಂದರೆ ಅದು ಮೊದಲನೆಯದೇ ಆಗಿತ್ತು. ಮೂರನೆಯದರಲ್ಲಿ ಮಯೂರಶರ್ಮನ ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು; ನಾಲ್ಕನೆಯದರಲ್ಲಿಯೂ ಅದೇ ಅಕ್ಷರ ಅದೇ ರೀತಿಯಲ್ಲಿ ತಪ್ಪಿತ್ತು. ಎಲ್ಲಿಯೋ ಅಚ್ಚಿನ ಮನೆಯಲ್ಲಿ ಹುಟ್ಟಿದ ಒಂದು ತಪ್ಪು ನಮ್ಮ ತರಗತಿಗೆ ಬಂದು ಮಕ್ಕಳುಮರಿಗಳೊಡನೆ ಸಂಸಾರ ಹೂಡಿಕೊಂಡಿತ್ತು!

ಈಚೆಗೆ ಗೈಡಿಗೂ ಕಾಸು ಕೊಡಬೇಕಾಗಿಲ್ಲ. ಮೊಬೈಲಿನಲ್ಲಿ ವಿಷಯವನ್ನು ಬರೆದು ಕೇಳಿದರೆ ಸಾಕು, ತಪ್ಪಿಲ್ಲದ ಪ್ರಬಂಧ ಇಳಿದುಬರುತ್ತದೆ. ತಪ್ಪಿಲ್ಲದ್ದು ಎಂದರೆ ವ್ಯಾಕರಣದ ತಪ್ಪಿಲ್ಲದ್ದು. ಅಂಥದೊಂದರಲ್ಲಿ ತಾಳಗುಂದವು ಬನವಾಸಿಯ ಪಕ್ಕದ ಬೆಟ್ಟವೊಂದರ ಮೇಲೆ ಹೋಗಿ ಕುಳಿತಿತ್ತು. ಬರೆದವನು ಒಮ್ಮೆ ಹೋಗಿ ನೋಡಿದ್ದರೆ ಆ ಬೆಟ್ಟ ತಾನಾಗಿಯೇ ಕರಗುತ್ತಿತ್ತು.

ಕಟ್ಟಿನ ನಡುವೆ ಒಂದು ಪ್ರಬಂಧ ಮಾತ್ರ ಬೇರೆಯಾಗಿತ್ತು. ಬರೆದವಳು ಹೊಸಬಾಳೆಯ ಕಡೆಯಿಂದ ಬರುವ ಹುಡುಗಿ. ಅದರ ಆರಂಭ ಹೀಗೆ: ‘ಐ ವೆಂಟ್ ತಾಳಗುಂದ. ಪಿಲ್ಲರ್ ಈಸ್ ಇನ್ ಫ್ರಂಟ್ ಆಫ್ ಟೆಂಪಲ್. ಲೆಟರ್ಸ್ ಐ ಕುಡ್ ನಾಟ್ ರೀಡ್.’ ಒಂದು ಸಾಲಿನಲ್ಲಿಯೂ ವ್ಯಾಕರಣ ನೆಟ್ಟಗಿಲ್ಲ. ಆದರೆ ಇಡೀ ಕಟ್ಟಿನಲ್ಲಿ ಕಂಬವನ್ನು ಕಣ್ಣಿನಿಂದ ನೋಡಿ ಬರೆದವಳು ಅವಳೊಬ್ಬಳೇ. ಅಕ್ಷರಗಳನ್ನು ಓದಲಾಗಲಿಲ್ಲ ಎಂದು ಒಪ್ಪಿಕೊಂಡವಳೂ ಅವಳೊಬ್ಬಳೇ.

ಆ ಹಾಳೆಯನ್ನು ಕೈಯಲ್ಲಿ ಹಿಡಿದಾಗ ನನಗೆ ಹಳೆಯದೊಂದು ನೆನಪಾಗಿ ಕೆಂಪು ಶಾಯಿಯ ಪೆನ್ನನ್ನು ಕೆಳಗಿಟ್ಟೆ. ನಾನು ಕೆಲಸಕ್ಕೆ ಸೇರಿದ ಹೊಸದು. ಬೇರೊಂದು ಊರಿನ ಕಾಲೇಜು. ನಮ್ಮ ಹೊಸಬಾಳೆಯವನೇ ಆದ ಒಬ್ಬ ಹುಡುಗ ನನ್ನ ತರಗತಿಯಲ್ಲಿದ್ದ. ಅಡಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವುದನ್ನು ಕುರಿತು ಅವನು ಇಂಗ್ಲಿಷಿನಲ್ಲಿ ಒಂದು ಪುಟ ಬರೆದಿದ್ದ. ಮೈಲುತುತ್ತ ಕರಗಿಸಿದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಸುಣ್ಣದ ನೀರನ್ನು ತುತ್ತದ ನೀರಿಗೆ ಸುರಿಯಬಾರದು ಎಂದು ಬರೆದಿದ್ದ. ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ತೆಗೆದಾಗ ಕೆಂಪು ಬಣ್ಣ ಹತ್ತಿಕೊಂಡಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು ಎಂದು ಬರೆದಿದ್ದ. ತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರು ಎಂಬ ಲೆಕ್ಕವೂ ಅದರಲ್ಲಿತ್ತು. ಯಾವ ಇಂಗ್ಲಿಷು ಗೈಡಿನಲ್ಲಿಯೂ ಇಲ್ಲದ, ತಂದೆಯ ಜೊತೆಯಲ್ಲಿ ತೋಟದಲ್ಲಿ ನಿಂತು ಕಲಿತ ವಿದ್ಯೆ ಅದು. ನಾನು ಮಾಡಿದ್ದೇನು? ಕಾಗದದ ಬಿಳಿಯ ಭಾಗ ಕಾಣದಂತೆ ಕೆಂಪು ಗೀಟು ಎಳೆದೆ. ಅಷ್ಟಕ್ಕೂ ನಿಲ್ಲಿಸದೆ, ತಪ್ಪುಗಳಿಗೆ ಉದಾಹರಣೆಯೆಂದು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಮೇಲೆ ಆ ಹುಡುಗನ ಬರೆವಣಿಗೆಯಲ್ಲಿ ತಪ್ಪುಗಳು ಕಡಮೆಯಾದುವು. ನನ್ನ ಪಾಠದ ಫಲವೆಂದು ನಾನು ಸಂತೋಷಪಟ್ಟೆ. ಎಷ್ಟೋ ವರ್ಷಗಳ ಮೇಲೆ ಸೊರಬದ ಸಂತೆಯಲ್ಲಿ ಸಿಕ್ಕಿದ. ಮನೆ, ತೋಟ, ಮಕ್ಕಳ ಮಾತೆಲ್ಲ ಆದಮೇಲೆ ನಗುತ್ತಲೇ ಹೇಳಿದ: “ಅವತ್ತಿಂದ ಗೈಡು ನೋಡೇ ಬರೆದೆ ಸಾರ್. ಆಮೇಲೆ ನೀವು ಒಂದು ದಿನವೂ ಬೈಲಿಲ್ಲ.” ಅವನಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ನಮ್ಮ ವಿದ್ಯಾರ್ಥಿಗಳು ನಕಲು ಮಾಡುವುದು ಸೋಮಾರಿತನದಿಂದ ಎಂದು ಉಪಾಧ್ಯಾಯರಾದ ನಾವು ಹೇಳುತ್ತೇವೆ. ಸೋಮಾರಿಗಳೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಬಹುಪಾಲು ನಕಲಿನ ತಾಯಿ ಹೆದರಿಕೆ. ತನ್ನ ಮಾತಿನಲ್ಲಿ ಬರೆದರೆ ತಪ್ಪು ಬರುತ್ತದೆ, ತಪ್ಪಿಗೆ ನಗು ಬರುತ್ತದೆ. ಬೇರೆಯವರ ಮಾತನ್ನು ಇಳಿಸಿದರೆ ಇವೆರಡೂ ಇಲ್ಲ. ಹೀಗಿರುವಾಗ ಬುದ್ಧಿಯುಳ್ಳ ಹುಡುಗ ಯಾವುದನ್ನು ಆರಿಸಿಕೊಂಡಾನು? ಆದುದರಿಂದ ಇಂಗ್ಲಿಷು ಬರೆವಣಿಗೆಯ ಪಾಠವನ್ನು ನಾಮಪದ ಕ್ರಿಯಾಪದಗಳಿಂದ ಆರಂಭಿಸದೆ ಈ ಹೆದರಿಕೆಯಿಂದಲೇ ಆರಂಭಿಸಬೇಕೆಂದು ನನಗೆ ತೋರುತ್ತದೆ. ಮೊದಲ ಸಲ ಬರೆಯುವಾಗ ತಪ್ಪಿನ ಕಡೆಗೆ ನೋಡಬೇಡಿ. ಇಂಗ್ಲಿಷಿನ ಶಬ್ದ ಹೊಳೆಯದ ಕಡೆ ಕನ್ನಡದ ಶಬ್ದವನ್ನೇ ಹಾಕಿ ಮುಂದಕ್ಕೆ ಹೋಗಿ. ನಿಂತರೆ ಕೆಟ್ಟಿತು, ಎದುರಿಗೆ ಗೈಡು ತೆರೆದುಕೊಂಡಿರುತ್ತದೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವುದು ಅಪರಾಧವೆಂದು ಕೆಲವರು ಹೇಳುತ್ತಾರೆ. ಮೈಸೂರಿನಲ್ಲಿ ಇಂಗ್ಲಿಷು ಕಲಿಸುತ್ತಿದ್ದ ಬಿ.ಎಂ.ಶ್ರೀಯವರೇ 1911ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಭಾಷಣ ಮಾಡಿದರು. ಒಂದೇ ತಲೆಯಲ್ಲಿ ಎರಡು ಭಾಷೆಗಳು ಜಗಳವಿಲ್ಲದೆ ಇರಬಲ್ಲುವು.

ಇನ್ನು ತಾಳಗುಂದದ ಪ್ರಬಂಧವನ್ನೇ ಹಿಡಿದುಕೊಂಡು, ಅದನ್ನು ಹೇಗೆ ಬರೆಯಬಹುದಾಗಿತ್ತು ಎಂದು ನೋಡೋಣ.

ಓದುವಾಗಿನ ಅಭ್ಯಾಸ ಮೊದಲು. ಒಂದು ನೋಟ್‌ಬುಕ್ಕನ್ನು ತೆರೆದರೆ ಎಡಕ್ಕೊಂದು ಬಲಕ್ಕೊಂದು ಪುಟ ಇರುತ್ತದಲ್ಲವೆ? ಎಡದ ಪುಟ ಪುಸ್ತಕದ್ದು, ಬಲದ ಪುಟ ನಿಮ್ಮದು. ಎಡಗಡೆ ಪುಸ್ತಕದ ಮಾತನ್ನು ಇದ್ದಂತೆಯೇ, ಉದ್ಧರಣ ಚಿಹ್ನೆಯೊಳಗೆ ಬರೆದು, ಪುಸ್ತಕದ ಹೆಸರು, ವರ್ಷ, ಪುಟದ ಸಂಖ್ಯೆ ಇಷ್ಟನ್ನೂ ಆಗಲೇ ಗುರುತು ಹಾಕಿಕೊಳ್ಳಬೇಕು; ‘ಆಮೇಲೆ ಹಾಕಿಕೊಂಡರಾಯಿತು’ ಎಂದವರು ಯಾರೂ ಆಮೇಲೆ ಹಾಕಿಕೊಂಡದ್ದನ್ನು ನಾನು ಕಂಡಿಲ್ಲ. ಬಲಗಡೆ, ಪುಸ್ತಕವನ್ನು ಮುಚ್ಚಿಟ್ಟು, ನಿಮಗೆ ತಿಳಿದದ್ದನ್ನು ನಿಮ್ಮ ಮಾತಿನಲ್ಲಿ ಬರೆಯಬೇಕು. ಮುಚ್ಚಿಟ್ಟು ಎಂಬ ಮಾತು ಮುಖ್ಯ. ತೆರೆದಿಟ್ಟುಕೊಂಡು ಬರೆದರೆ ನಾಲ್ಕು ಶಬ್ದಗಳನ್ನು ಬದಲಾಯಿಸಿದ ನಕಲಾಗುತ್ತದೆಯೇ ಹೊರತು ನಿಮ್ಮ ಮಾತಾಗುವುದಿಲ್ಲ. ಪ್ರಬಂಧ ಬರೆಯಲು ಕುಳಿತಾಗ ಬಲಗಡೆಯ ಪುಟಗಳನ್ನು ಮಾತ್ರ ನೋಡಿ ಬರೆಯಿರಿ. ಎಡಗಡೆಯದು ಸಾಕ್ಷಿಗೆ ಕರೆದಾಗ ಬರಲಿ.

ತಾಳಗುಂದಕ್ಕೆ ಸಾಕ್ಷಿ ಯಾವುದು? ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟ ನಮ್ಮ ಜಿಲ್ಲೆಯದು. ಅದರಲ್ಲಿ ಶಿಕಾರಿಪುರ 176 ಎಂಬುದೇ ಈ ಕಂಬದ ಶಾಸನ. ಮೂಲಪಾಠ ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಇದೆ, ಇಂಗ್ಲಿಷು ಅನುವಾದವೂ ಇದೆ. ಆ ಸಂಪುಟವನ್ನು ತೆರೆದವರಿಗೆ ತಿಳಿಯುವ ಸಂಗತಿಗಳಿವು: ಕಂಬ ಇರುವುದು ಪ್ರಣವೇಶ್ವರ ದೇವಾಲಯದ ಮುಂದೆ, ಭಾಷೆ ಸಂಸ್ಕೃತ, ಪದ್ಯ, ಶಿವನ ಗುಡಿಗೆ ಕದಂಬ ಕಾಕುತ್ಸ್ಥವರ್ಮ ಕಟ್ಟಿಸಿದ ಕೆರೆಯ ವಿಚಾರವನ್ನು ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕೆತ್ತಿಸಿದ್ದು. ಅದರ ನಡುವೆ ವಂಶದ ಕಥೆ ಬರುತ್ತದೆ. ಮಯೂರಶರ್ಮನು ಗುರು ವೀರಶರ್ಮನೊಡನೆ ಓದುವುದಕ್ಕೆಂದು ಕಂಚಿಯ ಘಟಿಕೆಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು. ಈ ಕಥೆಯನ್ನು ನಿಮ್ಮಲ್ಲಿ ಅನೇಕರು 1975ರ ‘ಮಯೂರ’ ಚಲನಚಿತ್ರದಿಂದ ಬಲ್ಲಿರಿ. ಚಿತ್ರಕ್ಕೆ ದೇವುಡು ಅವರ ಕಾದಂಬರಿ ಆಧಾರ. ಚಿತ್ರವೂ ಒಳ್ಳೆಯದೇ, ಕಾದಂಬರಿಯೂ ಒಳ್ಳೆಯದೇ. ಆದರೆ ಕಂಬ ಹೇಳಿದ್ದೆಷ್ಟು, ಕಾದಂಬರಿಕಾರರು ಕಲ್ಪಿಸಿದ್ದೆಷ್ಟು, ರಾಜಕುಮಾರ್ ಅವರ ಅಭಿನಯದಿಂದ ನಮ್ಮ ಮನಸ್ಸಿನಲ್ಲಿ ನಿಂತದ್ದೆಷ್ಟು ಎಂಬುದನ್ನು ಪ್ರಬಂಧ ಬರೆಯುವವನು ಬೇರೆಬೇರೆಯಾಗಿ ಇಡಬೇಕು.

ಬೇರೆಯಾಗಿ ಇಡುವ ಈ ವಿದ್ಯೆ ವಿಲಾಯತಿಯಿಂದ ಬಂದದ್ದೇನಲ್ಲ. ಕನ್ನಡದಲ್ಲಿ ನಾವು ದಿನವೂ ಆಡುವ ಒಂದು ಪುಟ್ಟ ಮಾತಿದೆ: ‘ಅಂತೆ’. ‘ಕುಪ್ಪಗಡ್ಡೆಯಲ್ಲಿ ನಿನ್ನೆ ಮಳೆ ಬಂತು’ ಎಂದರೆ ಹೇಳಿದವನು ಅದಕ್ಕೆ ಜವಾಬ್ದಾರ. ‘ಬಂತಂತೆ’ ಎಂದರೆ ಬೇರೆ ಯಾರೋ ಹೇಳಿದ್ದು, ನಾನು ನೋಡಿದ್ದಲ್ಲ ಎಂದು ಎರಡಕ್ಷರದಲ್ಲಿ ಮುಗಿಯಿತು. ಅಜ್ಜಿ ಕಥೆ ಹೇಳುವಾಗಲೂ ರಾಜ ‘ಇದ್ದನಂತೆ’. ತಾನು ಕಂಡೆನೆಂದು ಅವಳು ಹೇಳುವುದಿಲ್ಲ. ಅಕ್ಷರ ಬಾರದ ಅಜ್ಜಿ ಪಾಲಿಸುವ ಈ ನಿಯಮವನ್ನು ಬಿ.ಎ. ಓದುವ ಮೊಮ್ಮಗ ಇಂಗ್ಲಿಷು ಬರೆಯುವಾಗ ಮರೆಯುತ್ತಾನೆ. ಮರೆಯುವುದಕ್ಕೆ ಕಾರಣವೂ ಉಂಟು. ಇಂಗ್ಲಿಷಿನಲ್ಲಿ ಕ್ರಿಯಾಪದದ ಬಾಲಕ್ಕೆ ಅಂಟಿಸಬಹುದಾದ ‘ಅಂತೆ’ ಇಲ್ಲ. ಅದನ್ನು ವಾಕ್ಯದ ಮೊದಲಿಗೇ ಬಿಡಿಯಾಗಿ ಹೇಳಬೇಕು: ‘ಅಕಾರ್ಡಿಂಗ್ ಟು ರೈಸ್’, ‘ದಿ ಇನ್‌ಸ್ಕ್ರಿಪ್ಷನ್ ಸೇಸ್’, ‘ಇಟ್ ಈಸ್ ಸೇಡ್ ದಟ್’. ಇಂಗ್ಲಿಷಿನಲ್ಲಿ ಬರೆದ ಪ್ರತಿಯೊಂದು ವಾಕ್ಯವನ್ನೂ ಒಮ್ಮೆ ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿ ನೋಡಿ. ಅಲ್ಲಿ ‘ಅಂತೆ’ ಬರಬೇಕೆಂದು ನಿಮ್ಮ ಕಿವಿ ಹೇಳಿದರೆ ಇಂಗ್ಲಿಷಿನಲ್ಲಿ ಯಾರ ಮಾತು ಎಂಬುದನ್ನು ಹೇಳಲೇಬೇಕು. ಇದಕ್ಕಿಂತ ಸುಲಭವಾದ ಪರೀಕ್ಷೆ ನನಗೆ ಗೊತ್ತಿಲ್ಲ.

ಒಂದು ಉದಾಹರಣೆ. ಕಟ್ಟಿನಲ್ಲಿದ್ದ ಹಲವು ಪ್ರಬಂಧಗಳಲ್ಲಿ ‘ಹಲ್ಮಿಡಿ ಈಸ್ ದಿ ಓಲ್ಡೆಸ್ಟ್ ಕನ್ನಡ ಇನ್‌ಸ್ಕ್ರಿಪ್ಷನ್’ ಎಂಬ ವಾಕ್ಯವಿತ್ತು; ಮತ್ತೆ ಕೆಲವರಲ್ಲಿ ಅಷ್ಟೇ ಧೈರ್ಯದಿಂದ ‘ತಾಳಗುಂದ ಈಸ್ ದಿ ಓಲ್ಡೆಸ್ಟ್’ ಎಂದಿತ್ತು. ಮೊದಲನೆಯವರು ಓದಿದ್ದು ಹಳೆಯ ಗೈಡು, ಎರಡನೆಯವರು ನೋಡಿದ್ದು ಹೊಸ ಮೊಬೈಲು. ನಡೆದ ಸಂಗತಿ ಇದು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಅದನ್ನು ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದೆಂದು ಹೇಳುತ್ತಾರೆ. ಅದರ ಕಾಲದ ಬಗೆಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವೂ ಉಂಟು. ತಾಳಗುಂದದಲ್ಲಿ 2013ರಲ್ಲಿ ಉತ್ಖನನ ನಡೆದಾಗ, ದೊಡ್ಡ ಕಂಬವಲ್ಲದ ಇನ್ನೊಂದು ಶಾಸನ, ಸಿಂಹಕಟಾಂಜನದ ಮೇಲಿನದು, ಸಿಕ್ಕಿತು. ಅದು ಕ್ರಿ.ಶ. 370ರದೆಂದು ಪುರಾತತ್ವ ಸರ್ವೇಕ್ಷಣ ಇಲಾಖೆ ಹೇಳಿದೆ. ಹಾಗಾದರೆ ವಿದ್ಯಾರ್ಥಿ ಬರೆಯಬೇಕಾದದ್ದೇನು? ಯಾವುದು ಹಳೆಯದೆಂದು ತೀರ್ಪು ಕೊಡುವ ಹೊರೆ ಅವನದಲ್ಲ. ಇಂಥ ಶಾಸನವನ್ನು ಇಂಥವರು ಇಷ್ಟು ಹಳೆಯದೆನ್ನುತ್ತಾರೆ, ಇಂಥ ವರ್ಷ ಸಿಕ್ಕಿದ ಇನ್ನೊಂದನ್ನು ಇಲಾಖೆ ಅದಕ್ಕಿಂತ ಹಿಂದಿನದೆನ್ನುತ್ತದೆ ಎಂದು ಎರಡು ವಾಕ್ಯಗಳಲ್ಲಿ ಬರೆದರೆ ಸಾಕು. ತಾಳಗುಂದದಲ್ಲಿ ಎರಡು ಬೇರೆ ಶಾಸನಗಳಿವೆ ಎಂಬುದೇ ಹಲವರಿಗೆ ತಿಳಿದಿರಲಿಲ್ಲವೆಂದು ಅವರ ಪ್ರಬಂಧಗಳಿಂದ ಕಂಡಿತು. ಸಂಸ್ಕೃತದ ಕಂಬವನ್ನೇ ಕನ್ನಡದ ಮೊದಲ ಶಾಸನವನ್ನಾಗಿ ಮಾಡಿಬಿಟ್ಟಿದ್ದರು.

ಇಲ್ಲಿ ಕ್ರಿಯಾಪದಗಳ ತೂಕವನ್ನೂ ತಿಳಿಯಬೇಕು. ‘ಸೇಸ್’ ಎಂದರೆ ಹೇಳುತ್ತಾನೆ ಅಷ್ಟೆ. ‘ಸಜೆಸ್ಟ್ಸ್’ ಎಂದರೆ ಹೀಗಿರಬಹುದೆಂದು ಸೂಚಿಸುತ್ತಾನೆ. ‘ಆರ್ಗ್ಯೂಸ್’ ಎಂದರೆ ಕಾರಣಗಳನ್ನು ಕೊಟ್ಟು ವಾದಿಸುತ್ತಾನೆ, ಜಗಳವಾಡುತ್ತಾನೆ ಎಂದಲ್ಲ. ‘ಪ್ರೂವ್ಸ್’ ಎಂಬುದು ಬಹಳ ದುಬಾರಿ ಶಬ್ದ, ಅದನ್ನು ಜೋಪಾನವಾಗಿ ಖರ್ಚುಮಾಡಬೇಕು. ನಮ್ಮ ವಿದ್ಯಾರ್ಥಿಗಳಿಗೆ ಎಲ್ಲವೂ ‘ಪ್ರೂವ್ಸ್’.

ಈಗ ವಾಕ್ಯದ ಮಾತು. ನಿಮ್ಮ ತಪ್ಪುಗಳಲ್ಲಿ ಹೆಚ್ಚಿನವು ಅಜ್ಞಾನದಿಂದ ಬಂದವಲ್ಲ, ಕನ್ನಡದಿಂದ ಬಂದವು. ಹೀಗೆಂದು ಕನ್ನಡವನ್ನು ದೂರುತ್ತಿಲ್ಲ. ಬಂದ ದಾರಿ ತಿಳಿದರೆ ತಡೆಯುವುದು ಸುಲಭ. ಕನ್ನಡದಲ್ಲಿ ‘ಹೋದೆ’ ಎಂದರೆ ಕರ್ತೃ ಕ್ರಿಯಾಪದದೊಳಗೇ ಅಡಗಿಕೊಂಡಿರುತ್ತಾನೆ. ಇಂಗ್ಲಿಷಿನಲ್ಲಿ ಅವನು ಹೊರಗೆ ಬಂದು ವಾಕ್ಯದ ಬಾಗಿಲಲ್ಲಿ ನಿಲ್ಲಬೇಕು. ಕನ್ನಡದಲ್ಲಿ ವಿಭಕ್ತಿಗಳ ಬಲದಿಂದ ಶಬ್ದಗಳು ಎಲ್ಲಿ ಬೇಕಾದರೂ ಕುಳಿತುಕೊಳ್ಳಬಲ್ಲುವು: ‘ಅಕ್ಷರಗಳನ್ನು ನಾನು ಓದಲಾರದೆ ಹೋದೆ’ ಎಂದರೂ ಸರಿ, ‘ನಾನು ಅಕ್ಷರಗಳನ್ನು’ ಎಂದರೂ ಸರಿ. ಇಂಗ್ಲಿಷಿನಲ್ಲಿ ವಿಭಕ್ತಿಯ ಕೆಲಸವನ್ನು ಬಹುಮಟ್ಟಿಗೆ ಸ್ಥಾನವೇ ಮಾಡುತ್ತದೆ. ಆ ಹುಡುಗಿಯ ‘ಲೆಟರ್ಸ್ ಐ ಕುಡ್ ನಾಟ್ ರೀಡ್’ ಎಂಬುದು ಇಂಗ್ಲಿಷು ಉಡುಪಿನ ಒಳ್ಳೆಯ ಕನ್ನಡ ವಾಕ್ಯ. ‘ಐ ವೆಂಟ್ ತಾಳಗುಂದ’ ಎಂಬಲ್ಲಿಯೂ ಅಷ್ಟೆ. ‘ತಾಳಗುಂದಕ್ಕೆ’ ಎಂಬುದರ ‘ಕ್ಕೆ’ ಹಿಂದಿನಿಂದ ಕಳಚಿಕೊಂಡಿತು, ಅದು ಮುಂದೆ ಬಂದು ‘ಟು’ ಆಗುವುದನ್ನು ಅವಳು ಮರೆತಳು.

‘ಎ’ ಮತ್ತು ‘ದಿ’ ನಮ್ಮವರನ್ನು ಬಹಳ ಕಾಡುತ್ತವೆ. ಇದಕ್ಕೂ ಅಜ್ಜಿಯ ಕಥೆಯೇ ಮದ್ದು. ‘ಒಂದೂರಲ್ಲಿ ಒಬ್ಬ ರಾಜನಿದ್ದ. ಆ ರಾಜನಿಗೆ ಮೂವರು ಹೆಂಡಿರು.’ ಮೊದಲು ಬಂದ ‘ಒಬ್ಬ’ ಇಂಗ್ಲಿಷಿನ ‘ಎ’, ಎರಡನೆಯ ಸಲದ ‘ಆ’ ಇಂಗ್ಲಿಷಿನ ‘ದಿ’. ಕೇಳುವವನಿಗೆ ಇನ್ನೂ ಪರಿಚಯವಾಗದ್ದಕ್ಕೆ ‘ಎ’, ಪರಿಚಯವಾದದ್ದಕ್ಕೆ ‘ದಿ’. ಈ ಸೂತ್ರ ಎಲ್ಲ ಕಡೆಗೂ ಸಾಲದು. ನದಿಗಳ ಹೆಸರಿನ ಹಿಂದೆ ‘ದಿ’ ಏಕೆ, ಊರುಗಳ ಹೆಸರಿನ ಹಿಂದೆ ಏಕಿಲ್ಲ ಎಂದು ಕೇಳಿದರೆ ರೂಢಿ ಎನ್ನದೆ ಬೇರೆ ಉತ್ತರವಿಲ್ಲ. ಆದರೂ ಅರ್ಧಕ್ಕಿಂತ ಹೆಚ್ಚು ತಪ್ಪುಗಳನ್ನು ಅಜ್ಜಿ ತಿದ್ದಿಕೊಡುತ್ತಾಳೆ.

‘ಎಂದು’ ಎಂಬುದರ ಚೇಷ್ಟೆಯನ್ನೂ ಗಮನಿಸಿ. ‘ನಾನು ಬರುತ್ತೇನೆ ಎಂದು ಅವನು ಹೇಳಿದ’ ಎನ್ನುವಾಗ ಕನ್ನಡ ಅವನ ಬಾಯಿಯ ಮಾತನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಅದನ್ನೇ ಇಂಗ್ಲಿಷಿಗೆ ತಂದು ‘ಹಿ ಸೇಡ್ ದಟ್ ಐ ವಿಲ್ ಕಮ್’ ಎಂದು ಬರೆದರೆ ಬರುವವರು ನೀವಾಗುತ್ತೀರಿ, ಅವನು ಮನೆಯಲ್ಲಿಯೇ ಉಳಿಯುತ್ತಾನೆ! ಇನ್ನು ‘ಎದ್ದು, ಬಸ್ಸು ಹತ್ತಿ, ಶಿರಾಳಕೊಪ್ಪದಲ್ಲಿ ಇಳಿದು, ನಡೆದು ಹೋಗಿ, ಕಂಬ ನೋಡಿ ಬಂದೆ’ ಎಂಬ ಸರಪಳಿ ಕನ್ನಡದಲ್ಲಿ ಸಲೀಸಾಗಿ ಸಾಗುತ್ತದೆ. ಇಂಗ್ಲಿಷಿನಲ್ಲಿ ಅದನ್ನು ‘ಹ್ಯಾವಿಂಗ್’, ‘ಹ್ಯಾವಿಂಗ್’ ಎಂದು ಕಟ್ಟಿಕೊಂಡು ಹೋದರೆ ಓದುವವನಿಗೆ ಉಸಿರು ಕಟ್ಟುತ್ತದೆ. ಸರಪಳಿಯನ್ನು ಮೂರು ತುಂಡು ಮಾಡಿ, ಮೂರು ವಾಕ್ಯಗಳಾಗಲಿ. ಚಿಕ್ಕ ವಾಕ್ಯ ಬರೆಯುವುದು ಅವಮಾನವಲ್ಲ. ದೊಡ್ಡ ಶಬ್ದಗಳ ಹುಚ್ಚೂ ಇದರ ಜೊತೆಯದೇ. ‘ಬಿಗಿನ್’ ಸಾಕಾದ ಕಡೆ ‘ಕಮೆನ್ಸ್’ ಏಕೆ?

ಬರೆದದ್ದನ್ನು ತಿದ್ದುವುದರಲ್ಲಿ ಒಂದು ಕ್ರಮವಿದೆ. ನಮ್ಮ ಸೊರಬದ ಗುಡಿಗಾರರು ಗಂಧದ ತುಂಡಿನಲ್ಲಿ ಆನೆ ಕೆತ್ತುವಾಗ ಕಣ್ಣಿನ ರೆಪ್ಪೆಯಿಂದ ಆರಂಭಿಸುವುದಿಲ್ಲ. ಮೊದಲು ಒರಟಾಗಿ ಮೈಯ ಆಕಾರ, ಆಮೇಲೆ ಕಾಲು ಸೊಂಡಿಲು, ಸೂಕ್ಷ್ಮವೆಲ್ಲ ಕೊನೆಗೆ. ವಿದ್ಯಾರ್ಥಿಗಳು ಇದಕ್ಕೆ ವಿರುದ್ಧವಾಗಿ ಕಾಗುಣಿತದಿಂದ ತಿದ್ದಲು ತೊಡಗಿ ಅಲ್ಲಿಯೇ ಸುಸ್ತಾಗುತ್ತಾರೆ. ಮೊದಲು ಕೇಳಿಕೊಳ್ಳಬೇಕಾದದ್ದು, ನಾನು ಹೇಳಹೊರಟದ್ದು ಇದರಲ್ಲಿದೆಯೇ ಎಂದು. ಆಮೇಲೆ, ಒಂದೊಂದು ಪರಿಚ್ಛೇದದಲ್ಲಿ ಒಂದೊಂದೇ ವಿಷಯವಿದೆಯೇ ಎಂದು. ಅನಂತರ ವಾಕ್ಯ. ಕಾಗುಣಿತ ಕಟ್ಟಕಡೆಗೆ. ಒಂದು ರಾತ್ರಿ ಕಳೆಯಲು ಬಿಟ್ಟು ಮಾರನೆಯ ಬೆಳಗ್ಗೆ ಗಟ್ಟಿಯಾಗಿ ಓದಿಕೊಂಡರೆ ಕಣ್ಣಿಗೆ ಬೀಳದ್ದು ಕಿವಿಗೆ ಬೀಳುತ್ತದೆ. ಆದರೆ ಒಪ್ಪಿಸುವ ದಿನದ ಹಿಂದಿನ ರಾತ್ರಿ ಬರೆಯಲು ಕುಳಿತವರಿಗೆ ಮಾರನೆಯ ಬೆಳಗು ಎಲ್ಲಿಯದು?

ದಿನದ ಸಾಧನೆಗೆ ಬೆಂಜಮಿನ್ ಫ್ರಾಂಕ್ಲಿನ್ ಅವರ ರೀತಿಯನ್ನು ಹೇಳುತ್ತೇನೆ. 1706ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಅವರಿಗೆ ಶಾಲೆಯ ಓದು ಎರಡು ವರ್ಷಕ್ಕೇ ಮುಗಿಯಿತು. ಅಣ್ಣನ ಮುದ್ರಣಾಲಯದಲ್ಲಿ ಕೆಲಸ. ‘ಸ್ಪೆಕ್ಟೇಟರ್’ ಪತ್ರಿಕೆಯ ಪ್ರಬಂಧವೊಂದನ್ನು ಓದಿ, ಪ್ರತಿಯೊಂದು ವಾಕ್ಯದ ಭಾವವನ್ನು ನಾಲ್ಕೈದು ಶಬ್ದಗಳಲ್ಲಿ ಗುರುತು ಹಾಕಿಕೊಂಡು, ಕೆಲವು ದಿನ ಬಿಟ್ಟು, ಪುಸ್ತಕ ನೋಡದೆ ಪ್ರಬಂಧವನ್ನು ತಾವೇ ಬರೆದು, ಮೂಲದೊಡನೆ ಹೋಲಿಸಿ ತಿದ್ದಿಕೊಳ್ಳುತ್ತಿದ್ದರು. ಒಮ್ಮೊಮ್ಮೆ ಗುರುತಿನ ಚೀಟಿಗಳನ್ನು ಕಲಸಿಬಿಟ್ಟು ಮತ್ತೆ ಕ್ರಮಕ್ಕೆ ತರುತ್ತಿದ್ದರು. ವಿಷಯವನ್ನು ಜೋಡಿಸುವ ವಿದ್ಯೆ ಹೀಗೆ ಕೈವಶವಾಯಿತೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ನಿಮಗೆ ‘ಸ್ಪೆಕ್ಟೇಟರ್’ ಬೇಡ. ರೈಸ್ ಅವರ ಸಂಪುಟದಲ್ಲಿ ನಿಮ್ಮೂರಿನದೊಂದು ಚಿಕ್ಕ ಶಾಸನವನ್ನು ಆರಿಸಿಕೊಳ್ಳಿ. ಹಳಗನ್ನಡ ತೊಡಕಾದರೆ ಕನ್ನಡ ಅಧ್ಯಾಪಕರನ್ನು ಕೇಳಿ. 1894ರಲ್ಲಿ ಅಚ್ಚಾದ ಕಿಟ್ಟೆಲ್ ಅವರ ನಿಘಂಟಿನಲ್ಲಿ ಕನ್ನಡ ಶಬ್ದಕ್ಕೆ ಇಂಗ್ಲಿಷು ಅರ್ಥಗಳಿವೆ, ಅಲ್ಲಿ ಮೊದಲನೆಯ ಅರ್ಥವನ್ನೇ ಎತ್ತಿಕೊಂಡು ಓಡಬೇಡಿ. ನೀವೇ ಇಂಗ್ಲಿಷಿಗೆ ತಂದು, ಆಮೇಲೆ ರೈಸ್ ಅವರ ಅನುವಾದದ ಪುಟ ತಿರುವಿ. ನೂರು ವರ್ಷದ ಹಿಂದಿನ ಅವರ ಇಂಗ್ಲಿಷನ್ನು ಹಾಗೆಯೇ ಅನುಕರಿಸಬೇಕಾಗಿಲ್ಲ. ಅವರು ಎಲ್ಲಿ ಒಂದು ವಾಕ್ಯವನ್ನು ಎರಡು ಮಾಡಿದರು, ಎಲ್ಲಿ ‘ದಿ’ ಹಾಕಿದರು ಎಂದು ನೋಡಿದರೆ ಸಾಕು.

ಹೊಸಬಾಳೆಯ ಕಡೆಯ ಹುಡುಗಿಯ ಹಾಳೆಯ ಮೇಲೆ ನಾನು ಕೆಂಪು ಶಾಯಿ ಹಚ್ಚಲಿಲ್ಲ. ಪೆನ್ಸಿಲಿನಿಂದ ಮೂರೇ ತಪ್ಪುಗಳ ಕೆಳಗೆ ಗೆರೆ ಎಳೆದು, ‘ಅಕ್ಷರಗಳನ್ನು ಏಕೆ ಓದಲಾಗಲಿಲ್ಲ?’ ಎಂದು ಒಂದು ಪ್ರಶ್ನೆ ಬರೆದು ಕೊಟ್ಟೆ. ಅವಳು ಗ್ರಂಥಾಲಯಕ್ಕೆ ಹೋದಳು. ಎರಡನೆಯ ಸಲ ಬರೆದು ತಂದದ್ದರಲ್ಲಿ, ಆ ಅಕ್ಷರಗಳ ತಲೆಯ ಮೇಲೆ ಚಿಕ್ಕ ಪೆಟ್ಟಿಗೆಯಂತಹ ಆಕಾರವಿದೆ, ಅದರಿಂದ ಅವಕ್ಕೆ ಪೆಟ್ಟಿಗೆ ತಲೆಯ ಲಿಪಿ ಎನ್ನುತ್ತಾರೆ ಎಂಬುದು ಸೇರಿತ್ತು, ಯಾವ ಪುಸ್ತಕದಲ್ಲಿ ಓದಿದ್ದೆಂಬುದೂ ಸೇರಿತ್ತು. ತಪ್ಪುಗಳು ಇನ್ನೂ ಇದ್ದುವು. ಮೂರನೆಯ ಸಲದಲ್ಲಿ ನನಗೆ ಹೊಳೆಯದ ಒಂದು ಮಾತು ಬಂದಿತ್ತು. ಕಂಬದ ಶಾಸನದ ಕೊನೆಯಲ್ಲಿ ಕವಿ ಕುಬ್ಜನು, ದೊರೆಯ ಅಪ್ಪಣೆಯಂತೆ ಈ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದುದಾಗಿ ಹೇಳಿಕೊಂಡಿದ್ದಾನೆ. ‘ಸಂಸ್ಕೃತ ಅವನಿಗೆ ಮನೆಮಾತಾಗಿತ್ತೇ, ಕಲಿತ ಮಾತೇ?’ ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದ್ದಳು, ಉತ್ತರ ಕೊಟ್ಟಿರಲಿಲ್ಲ. ನನ್ನಲ್ಲಿಯೂ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ತೆಗೆಯಬೇಡವೆಂದು ಮಾತ್ರ ಹೇಳಿದೆ.

ಮುಂದಿನ ವರ್ಷದ ಪ್ರಬಂಧಕ್ಕೆ ವಿಷಯ ಬಳ್ಳಿಗಾವೆಯ ಕೋಡಿಯಮಠ. ಅದೂ ಶಿರಾಳಕೊಪ್ಪದ ಪಕ್ಕದಲ್ಲಿಯೇ ಇದೆ. 1162ರ ಶಾಸನ, ರೈಸ್ ಅವರ ಸಂಪುಟದಲ್ಲಿ ಶಿಕಾರಿಪುರ 102. ಕೌಮಾರ, ಪಾಣಿನೀಯ, ಶಾಕಟಾಯನ, ಶಬ್ದಾನುಶಾಸನ ಎಂದು ನಾಲ್ಕು ವ್ಯಾಕರಣಗಳನ್ನು ಆ ಮಠದಲ್ಲಿ ಓದಿಸುತ್ತಿದ್ದರೆಂದು ಅದು ಹೇಳುತ್ತದೆ. ಒಂದೇ ವ್ಯಾಕರಣಕ್ಕೆ ಬೇಸರಪಡುವವರು ಅದನ್ನು ಮೊದಲು ಓದಬೇಕು. ಬಡವರಿಗೆ ಊಟ, ರೋಗಿಗಳಿಗೆ ಔಷಧಿ ಕೊಡುತ್ತಿದ್ದ ಮಾತೂ ಅಲ್ಲಿದೆ. ಈ ಬೇಸಗೆಯ ರಜೆಯಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಹೋಗಿಬನ್ನಿ. ಮೊಬೈಲಿನಲ್ಲಿ ಚಿತ್ರ ಹಿಡಿಯುವುದಕ್ಕೆ ಮೊದಲು ನೋಟ್‌ಬುಕ್ಕಿನ ಬಲಗಡೆಯ ಪುಟದಲ್ಲಿ ನಾಲ್ಕು ಸಾಲು ಬರೆದುಕೊಳ್ಳಿ, ಕನ್ನಡದಲ್ಲಾದರೂ ಸರಿ.